ಕೂಟ ಸೇರುವವನ ಅರ್ಹತೆ

ಮಾನ್ವಿ ತಾಲೂಕಿನ ಚೀಕಲಪರ್ವಿಯು ಹರಿದಾಸಶ್ರೇಷ್ಠರಾದ ವಿಜಯದಾಸರ ಜನ್ಮಸ್ಥಳವೆಂದು ಪ್ರಸಿದ್ಧವಾಗಿರುವುದು. ದಾಸಪರಂಪರೆಯನ್ನು ಸೇರಬಯಸಿದವರು ಗುರುಗಳಿಂದ ಅಂಕಿತವನ್ನು ಪಡೆಯುತ್ತಿದ್ದರು. ಗೋಪಾಲದಾಸರು ವಿಜಯದಾಸರಿಂದ ಪಡೆದುದೂ ಹಾಗೆಯೇ. ಅದು ಹಣಕ್ಕೆ ದೊರೆಯುವ ವಸ್ತುವಾಗಿರಲಿಲ್ಲ. ಭಕ್ತಿಯನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ಕೂಟವೊಂದನ್ನು ಸೇರುವವನಿಂದ ಏನನ್ನು ಕೇಳಬೇಕೆಂಬ ಪ್ರಶ್ನೆಯು, ಇಂದು ಅದೇ ಊರಿನ ಕಟ್ಟೆಯ ಮೇಲೆ ಮೊಬೈಲು ಹಿಡಿದು ಕುಳಿತ ತರುಣನಿಗೂ ಸಲ್ಲತಕ್ಕುದಾಗಿದೆ.

ಅವನು ಬಲ್ಲ ಫ್ಯಾಂಟಸಿ ಕ್ರಿಕೆಟ್ಟಿನ ಹಿರಿಯಣ್ಣ ಅಮೇರಿಕೆಯ ಫ್ಯಾಂಟಸಿ ಬೇಸ್‌ಬಾಲ್. 1980ರಲ್ಲಿ ಡೇನಿಯಲ್ ಓಕ್ರೆಂಟ್ ಎಂಬ ಬರಹಗಾರರು ನ್ಯೂಯಾರ್ಕಿನಲ್ಲಿ ಗೆಳೆಯರನ್ನು ಕೂಡಿಸಿ ಇದಕ್ಕೆ ಈಗಿನ ರೂಪವನ್ನು ಕೊಟ್ಟರು. ಅವರು ಸೇರುತ್ತಿದ್ದ ಉಪಾಹಾರಗೃಹದ ಹೆಸರಿನಿಂದಲೇ ಅದಕ್ಕೆ ರೋಟಿಸರಿ ಲೀಗ್ ಎಂಬ ಹೆಸರಾಯಿತು. ಅದರ ಪ್ರಸಿದ್ಧ ಕ್ರಮದಂತೆ ಪ್ರತಿಯೊಬ್ಬ ಸದಸ್ಯನೂ 260 ಡಾಲರುಗಳ ಮಿತಿಯೊಳಗೆ 23 ಮಂದಿ ನಿಜವಾದ ಆಟಗಾರರನ್ನು ಹರಾಜಿನಲ್ಲಿ ಆರಿಸಿ ತನ್ನ ತಂಡವನ್ನು ಕಟ್ಟುವನು. ಆ ಆಟಗಾರರು ಮೈದಾನದಲ್ಲಿ ಗಳಿಸಿದ ಅಂಕಿಗಳೇ ಇವನ ಗೆಲುವು ಸೋಲುಗಳನ್ನು ನಿರ್ಣಯಿಸುವುವು. ಮೊದಲ ದಿನಗಳಲ್ಲಿ ಈ ಲೆಕ್ಕವನ್ನೆಲ್ಲ ವೃತ್ತಪತ್ರಿಕೆಗಳನ್ನು ನೋಡಿ ಕೈಯಿಂದಲೇ ಮಾಡಬೇಕಾಗಿತ್ತು. ಅಲ್ಲಿಯೂ ಪಣವಿದ್ದಿತೆಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ಅದು ಪರಸ್ಪರ ಬಲ್ಲ ಹತ್ತಾರು ಮಂದಿಯ ನಡುವಿನ ಮಾತು.

ಇಂತಹ ಕೂಟದಲ್ಲಿ ಒಂದು ಸ್ಥಾನ ತೆರವಾದರೆ, ಸೇರಬಯಸುವವನು ಅರ್ಜಿ ಹಾಕಿಕೊಳ್ಳುವ ರೂಢಿಯುಂಟು. ಎಷ್ಟು ವರ್ಷ ಆಡಿರುವೆ? ಹಿಂದಿನ ಕೂಟದಲ್ಲಿ ಕೊನೆಯವರೆಗೆ ನಿಂತೆಯಾ? ಆಟಗಾರರ ವಿನಿಮಯಕ್ಕೆ ಕರೆ ಬಂದಾಗ ವೇಳೆಗೆ ಉತ್ತರ ಕೊಡುವೆಯಾ? ಇವು ಅಲ್ಲಿ ಕೇಳುವ ಪ್ರಶ್ನೆಗಳು. ಇವುಗಳಿಗೆ ಕಾರಣವಿದೆ. ಬೇಸ್‌ಬಾಲಿನ ಋತುವಿನಲ್ಲಿ ಒಂದೊಂದು ತಂಡವೂ 162 ಪಂದ್ಯಗಳನ್ನು ಆಡುವುದು. ನಡುವೆ ಸೋತವನೊಬ್ಬ ಬೇಸತ್ತು ತನ್ನ ತಂಡವನ್ನು ಕೈಬಿಟ್ಟರೆ, ಅದರೆದುರು ಆಡುವವರಿಗೆ ಬಿಟ್ಟಿ ಗೆಲುವು ದೊರೆತು ಉಳಿದವರಿಗೆ ಅನ್ಯಾಯವಾಗುವುದು. ಆದುದರಿಂದ ಜಾಣನಿಗಿಂತ ನಂಬಿಗಸ್ಥನೇ ಅಲ್ಲಿ ಬೇಕಾದವನು.

ನಮ್ಮಲ್ಲಿ ಹರಡಿದ ಕ್ರಮವೇ ಬೇರೆ. ಡ್ರೀಮ್11ರಂತಹ ಆಟಗಳಲ್ಲಿ 100 ಅಂಕಗಳ ಮಿತಿಯೊಳಗೆ ಹನ್ನೊಂದು ಮಂದಿಯನ್ನು ಆರಿಸಿ, ಒಂದೇ ಪಂದ್ಯಕ್ಕೆ ಹಣ ಕಟ್ಟಿದರೆ ಪ್ರವೇಶ ಸಿಕ್ಕುತ್ತಿದ್ದಿತು. ನಾಯಕನಿಗೆ ಇಮ್ಮಡಿ, ಉಪನಾಯಕನಿಗೆ ಒಂದೂವರೆ ಪಟ್ಟು ಅಂಕ. ಎದುರಾಳಿ ಯಾರೋ, ಅವನ ಊರು ಯಾವುದೋ! ಸಂಜೆಗೆ ಸೋತವನು ಮರುದಿನ ಮತ್ತೆ ಹಣ ಕಟ್ಟುವನು. ಮನೆಯವರಿಗೆ ಸುದ್ದಿ ತಿಳಿಯುವುದು ಸಾಲಗಾರನು ಬಾಗಿಲಿಗೆ ಬಂದಾಗ.

ಇದು ಕೌಶಲದ ಆಟವೆಂದು 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಹೇಳಿತು. ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿ ಕರ್ನಾಟಕವು 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ವಿಧಿಗಳನ್ನು ನಮ್ಮ ಉಚ್ಚ ನ್ಯಾಯಾಲಯವೇ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ ಕೌಶಲ, ಅದೃಷ್ಟಗಳೆಂಬ ಭೇದವನ್ನೇ ಬದಿಗಿರಿಸಿ, ಹಣ ಹೂಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ಒಟ್ಟಾಗಿ ನಿಷೇಧಿಸಿತು. ಡ್ರೀಮ್11 ಆ ತಿಂಗಳಲ್ಲಿಯೇ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು. ಕಾಯಿದೆಯನ್ನು ಪ್ರಶ್ನಿಸಿದ ಅರ್ಜಿಗಳೂ ನ್ಯಾಯಾಲಯದ ಮೆಟ್ಟಿಲೇರಿದವು.

ಕೌಶಲವಿದೆಯೇ ಇಲ್ಲವೇ ಎಂಬ ವಾದವನ್ನು ವಕೀಲರಿಗೆ ಬಿಡೋಣ. ಕೌಶಲವಿದ್ದ ಮಾತ್ರಕ್ಕೆ ಬಡವನ ಕೂಲಿಹಣವು ಪಣವಾಗಬಹುದೆಂಬ ನ್ಯಾಯವನ್ನು ನಾವು ಒಪ್ಪಲಾರೆವು. ಹಾಗೆಂದು ನಿಷೇಧವೊಂದರಿಂದಲೇ ತರುಣರ ಉತ್ಸಾಹವು ಅಡಗಲಾರದು; ಒಂದು ಬಾಗಿಲನ್ನು ಮುಚ್ಚಿದರೆ ಅದು ಕಳ್ಳಬಾಗಿಲನ್ನು ಹುಡುಕುವುದು. ಪಣವಿಲ್ಲದ ಆಟಕ್ಕೆ ಕಾಯಿದೆಯ ಅಡ್ಡಿಯಿಲ್ಲ. ಮಾನ್ವಿಯಲ್ಲಿಯೋ ದೇವದುರ್ಗದಲ್ಲಿಯೋ ಹತ್ತು ಮಂದಿ ಗೆಳೆಯರು ಕೂಡಿ, ಕಾಸಿಲ್ಲದ ಕೂಟವನ್ನು ಕಟ್ಟಿ, ಐ.ಪಿ.ಎಲ್. ಮುಗಿಯುವವರೆಗೆ ತಾವೇ ಲೆಕ್ಕವಿಡಲಿ. ಸೇರಬಂದವನನ್ನು ಎಷ್ಟು ಹಣ ತಂದಿರುವೆಯೆಂದು ಕೇಳದೆ, ಸೋಲುತ್ತಿರುವಾಗಲೂ ಕೊನೆಯವರೆಗೆ ನಿಲ್ಲುವೆಯಾ ಎಂದು ಕೇಳಲಿ. ಹೌದೆಂದು ಹೇಳಿ ಅದರಂತೆ ನಡೆದವನು, ಆಟದಲ್ಲಿ ಸೋತರೂ ಸಾಲಗಾರನಾಗಿ ಮನೆಗೆ ಮರಳುವುದಿಲ್ಲ.