ಗೆರೆಯೊಳಗಿನ ಹೊಲ

ತಾವರೆಕೆರೆ ದಾಟಿ ಮಾಗಡಿ ದಿಕ್ಕಿಗೆ ಹೊರಟರೆ ಬೆಳೆಗಿಂತ ಬೋರ್ಡುಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ‘ಫಾರ್ಮ್ ಪ್ಲಾಟ್’, ‘ಸಾಲ ಸೌಲಭ್ಯವಿದೆ’, ‘ಇಂದೇ ಬುಕ್ ಮಾಡಿ’. ತೆನೆ ಬಾಗಿದ ರಾಗಿ ಹೊಲದ ಮಗ್ಗುಲಲ್ಲೇ ಇನ್ನೊಂದು ಹೊಲದ ಎದೆಗೆ ಜೆಸಿಬಿ ಕೆಂಪು ರಸ್ತೆ ಎಳೆದಿದೆ. ಸೈಟು ಗುರುತಿಸಲು ನೆಟ್ಟ ಗಿಡ್ಡ ಕಲ್ಲುಗಳ ತಲೆಗೆಲ್ಲ ಹಳದಿ ಬಣ್ಣ. ಬದುವಿನ ಹೊಂಗೆ ಮರವೊಂದನ್ನು ಮಾತ್ರ ಉಳಿಸಿದ್ದಾರೆ. ಏಜೆಂಟನ ಬೈಕಿಗೂ ನೆರಳು ಬೇಕಲ್ಲ!

ಇನ್ನಷ್ಟು ಮುಂದೆ ತಿಪ್ಪಗೊಂಡನಹಳ್ಳಿ. ನಂದಿಬೆಟ್ಟದಿಂದ ಬರುವ ಅರ್ಕಾವತಿ, ಶಿವಗಂಗೆಯಿಂದ ಬರುವ ಕುಮುದ್ವತಿ ಕೂಡುವ ಕಡೆ 1933ರಲ್ಲಿ ಎದ್ದ ಕಲ್ಲಿನ ಅಣೆಕಟ್ಟು, ಚಾಮರಾಜಸಾಗರ. ಕಾವೇರಿ ನೀರು ಬರುವವರೆಗೆ ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಮುಖ್ಯವಾಗಿ ಇದೇ. ಒಳಹರಿವು ಸೊರಗುತ್ತ, ಕೊಳೆ ಸೇರುತ್ತ 2012ರ ಹೊತ್ತಿಗೆ ಪೂರೈಕೆ ನಿಂತಿತು. ಒಳ್ಳೆಯ ಮಳೆಯ ವರ್ಷ ನೀರು ಏರುತ್ತದೆ, ಜನ ಸೆಲ್ಫಿಗೆ ಬರುತ್ತಾರೆ.

ಸರ್ಕಾರ ಕಣ್ಣು ಮುಚ್ಚಿ ಕೂತಿತ್ತೆಂದು ಹೇಳಿದರೆ ಅನ್ಯಾಯವಾದೀತು. 2003ರಲ್ಲೇ ಆದೇಶ ಹೊರಡಿಸಿ ಇಡೀ ಜಲಾನಯನ ಪ್ರದೇಶವನ್ನು ನಾಲ್ಕು ವಲಯ ಮಾಡಿತು. ಜಲಾಶಯದ ಸುತ್ತ 2 ಕಿಲೋಮೀಟರ್, ನದಿಗಳ ದಡದಿಂದ 1 ಕಿಲೋಮೀಟರ್ ಬಿಗಿ ನಿಯಮ. ಗೆರೆ ಎಳೆದದ್ದೇನೋ ಸರಿ, ಆಮೇಲೆ ಅದನ್ನು ಸಡಿಲಿಸಿದ್ದೂ ಆಯಿತು. ಆದರೆ ನೀರು ಬತ್ತಿದ್ದಕ್ಕೆ ದಡದ ಕಟ್ಟಡಗಳಷ್ಟೇ ಕಾರಣವಲ್ಲ. ದಡದಿಂದ ಎಷ್ಟೋ ದೂರದ ದಿಣ್ಣೆಗಳಲ್ಲಿ ರಾಗಿ, ಹುರುಳಿ ಬಿಟ್ಟು ನೀಲಗಿರಿ ನೆಟ್ಟರು. ಕೂಲಿಗೆ ಆಳು ಸಿಗದ ರೈತನಿಗೆ ಅದು ಸಲೀಸು: ನೆಟ್ಟು ಬಿಟ್ಟರಾಯಿತು, ಕಡಿದಾಗ ದುಡ್ಡು. ಅದರ ಬೇರು ಮಳೆಗಾಲದ ತೇವವನ್ನೆಲ್ಲ ಹೀರುತ್ತದೆ. ಮಿಕ್ಕಿದ್ದಕ್ಕೆ ಕೊಳವೆಬಾವಿ ಬಾಯಿ ಹಾಕಿತು. ಒಂದು ಕಾಲಕ್ಕೆ ಒರತೆಯಾಗಿ ಹಳ್ಳ ಸೇರುತ್ತಿದ್ದ ಅಂತರ್ಜಲ ಪಾತಾಳಕ್ಕಿಳಿದ ಮೇಲೆ ಹೊಳೆಗೆ ಉಳಿದದ್ದು ಜೋರು ಮಳೆಯ ದಿನದ ಕೆಂಪು ನೀರು, ಬೇಸಿಗೆಯಲ್ಲಿ ಊರಿನ ಬಚ್ಚಲು ನೀರು.

ಅರ್ಕಾವತಿಯ ಹಾದಿಯಲ್ಲೇ, ದೊಡ್ಡಬಳ್ಳಾಪುರದ ಕೆಳಗಿನ ಚಿಕ್ಕತುಮಕೂರು, ದೊಡ್ಡತುಮಕೂರು ಕೆರೆಗಳ ಏರಿಯ ಮೇಲೆ ನಿಂತರೆ ಮೂಗೇ ಉಳಿದ ಕಥೆ ಹೇಳುತ್ತದೆ. ನಗರದ ಒಳಚರಂಡಿ, ಕೈಗಾರಿಕೆಗಳ ತ್ಯಾಜ್ಯ ಎರಡರ ವಿರುದ್ಧವೂ ಅಲ್ಲಿಯ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಒಂದರ ಕೋಡಿ ಹರಿದರೆ ಮುಂದಿನದು ತುಂಬುವ ಸರಪಳಿ ಕೆರೆಗಳು ಇವು. ನೀರಿನ ಜೊತೆ ನೊರೆಯೂ ಅದೇ ದಾರಿ ಹಿಡಿಯುತ್ತದೆ.

ಯೋಜನೆಯ ಕಾಗದ ಮಾತ್ರ ತುಂಡು ತುಂಡು. ಬೆಂಗಳೂರು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು 1985ರ ಕಾಯಿದೆಯಿಂದ, ಇಡೀ ಸೀಮೆಯನ್ನು ಒಟ್ಟಾಗಿ ನೋಡಲೆಂದೇ. ಅದರಡಿ ನೆಲಮಂಗಲಕ್ಕೊಂದು, ಮಾಗಡಿಗೊಂದು ಯೋಜನಾ ಪ್ರಾಧಿಕಾರ. ಒಂದೊಂದಕ್ಕೂ ಬೇರೆ ಮಾಸ್ಟರ್ ಪ್ಲಾನ್, ವಾಸಕ್ಕೆ ಹಳದಿ, ಬೇಸಾಯಕ್ಕೆ ಹಸಿರು. ನದಿ ಹುಟ್ಟುವ ನಂದಿಬೆಟ್ಟವೋ ಚಿಕ್ಕಬಳ್ಳಾಪುರ ಜಿಲ್ಲೆಯದು, ಮಹಾನಗರ ಪ್ರದೇಶದಿಂದಲೇ ಹೊರಗೆ. ನನ್ನನ್ನು ಕೇಳಿದರೆ, ಹೊಳೆಯ ನಕ್ಷೆ ಮೊದಲು ಬರೆದು ತಾಲ್ಲೂಕಿನ ಗಡಿ ಆಮೇಲೆ ಹಾಕಬೇಕಿತ್ತು.

ಆ ಹಸಿರು ಬಣ್ಣದೊಳಗೆ ಬದುಕುವವರ ಲೆಕ್ಕವೇ ಬೇರೆ. ಜಲಾಶಯದ ಹತ್ತಿರ ಬದುವಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ ಹಿರಿಯರೊಬ್ಬರು ತಲೆಯೆತ್ತದೆ ಕೇಳಿದರು: “ಆ ಕಡೆಯೋನು ಹೊಲ ಮಾರಿ ಮಗಳ ಮದ್ವೆ ಮಾಡ್ದ, ಆರ್‌ಸಿಸಿ ಮನೆ ಎಬ್ಬಿಸ್ದ. ನಂದು ನೀರಿನ ಪಕ್ಕ, ಕನ್ವರ್ಷನ್ ಆಗಲ್ವಂತೆ. ಬೆಂಗಳೂರೋರು ನೀರು ಕುಡೀಲಿ ಸೋಮಿ, ಬ್ಯಾಡ ಅನ್ನಕ್ಕಿಲ್ಲ. ನಮಗೇನು ಕೊಡ್ತಾರೆ?”

ಉತ್ತರ ನನ್ನಲ್ಲಿರಲಿಲ್ಲ. ಕಾವೇರಿಯನ್ನು ನೂರು ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ. ಆ ಕರೆಂಟಿನ ಬಿಲ್ಲು ತಿಂಗಳು ತಿಂಗಳು ಚುಕ್ತಾ ಆಗುತ್ತದೆ. ಅದರ ಒಂದು ಪಾಲು ಈ ದಿಣ್ಣೆಗಳಲ್ಲಿ ನೀಲಗಿರಿ ಕಿತ್ತು ರಾಗಿ ಬಿತ್ತುವವರಿಗೆ ಸಂದರೆ ಯಾರ ಗಂಟೂ ಹೋಗುವುದಿಲ್ಲ.

ಹೊಲ ಮಾರುತ್ತೀರಾ ಎಂದೆ. “ನಾನಿರೋಗಂಟ ಇಲ್ಲ. ಮೊಮ್ಮಗ ಬಿಡದಿ ಫ್ಯಾಕ್ಟ್ರಿಗೆ ಹೋಯ್ತಾನೆ, ಅವನ್ನೇ ಕೇಳಿ” ಎಂದು ಅವರು ರಾಗಿ ಕೊಯ್ಲಿಗೆ ಇಳಿದರು.