ನಿಮಗಿದು ಗೊತ್ತೇ? ರಕ್ತಪಿಶಾಚಿಯ ಪ್ರೇಮಕಥೆ, ಓದುಗರ ತಕರಾರು!

ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತು ಸುತ್ತ ನೋಡಿ. ಒಂದು ದಾರಿ ತಿಪಟೂರಿಗೆ, ಒಂದು ತುರುವೇಕೆರೆಗೆ, ಇನ್ನೊಂದು ಚಿಕ್ಕನಾಯಕನಹಳ್ಳಿಗೆ. ಎತ್ತ ನೋಡಿದರೂ ತೆಂಗಿನ ತೋಟ. ಈ ತೆಂಗಿನ ಸೀಮೆಗೂ ಅಮೆರಿಕದ ರಕ್ತಪಿಶಾಚಿಯ ಪ್ರೇಮಕಥೆಗೂ ಏನು ಸಂಬಂಧ ಅಂತೀರಾ? ಇದೆ! ಕಥೆ ಓದಿ ಮುಗಿಸಿ ‘ಇದು ಸರಿಯಿಲ್ಲ’ ಎಂದು ವಾದಕ್ಕೆ ನಿಲ್ಲುವ ಓದುಗರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಈ ವಾದದಲ್ಲಿ ನಾವೇ ಹಿರಿಯರು. ಬನ್ನಿ, ಒಂದೊಂದಾಗಿ ನೋಡೋಣ!

ಮಳೆಯೂರಿನ ಪಿಶಾಚಿ

‘ಟ್ವಿಲೈಟ್’ ಕಾದಂಬರಿ ಹುಟ್ಟಿದ್ದು ಒಂದು ಕನಸಿನಿಂದ! 2003ರ ಜೂನ್ ತಿಂಗಳ ಒಂದು ರಾತ್ರಿ ಸ್ಟೆಫನಿ ಮೇಯರ್ ಎಂಬ ಗೃಹಿಣಿಗೆ ಕನಸು ಬಿತ್ತು. ಕಾಡಿನ ನಡುವೆ ಒಬ್ಬಳು ಹುಡುಗಿ, ಎದುರಿಗೆ ಮಿರಮಿರ ಮಿನುಗುವ ರಕ್ತಪಿಶಾಚಿ. ಬೆಳಗ್ಗೆ ಎದ್ದು ಬರೆಯಲು ಕೂತರು. ಸುಮಾರು ಮೂರೇ ತಿಂಗಳಲ್ಲಿ ಕಾದಂಬರಿ ಮುಗಿಯಿತು. 2005ರಲ್ಲಿ ಅಚ್ಚಾಯಿತು. ಮುಂದೆ ಈ ಸರಣಿಯ 10 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು!

ಕಥೆ ನಡೆಯುವುದು ಫೋರ್ಕ್ಸ್ ಎಂಬ ಊರಿನಲ್ಲಿ. ಅದು ನಿಜವಾಗಿ ಇರುವ ಊರು. ಆದರೆ ಬರೆಯುವಾಗ ಲೇಖಕಿ ಆ ಊರನ್ನು ನೋಡಿಯೇ ಇರಲಿಲ್ಲ! ಅಮೆರಿಕದಲ್ಲಿ ಭಾರಿ ಮಳೆ ಬೀಳುವ ಜಾಗ ಯಾವುದು ಎಂದು ಕಂಪ್ಯೂಟರಿನಲ್ಲಿ ಹುಡುಕಿದರು, ಫೋರ್ಕ್ಸ್ ಸಿಕ್ಕಿತು, ಅಷ್ಟೇ. ಈಗ ಆ ಊರಿನವರು ನಾಯಕಿ ಬೆಲ್ಲಾಳ ಹುಟ್ಟುಹಬ್ಬದ ಆಸುಪಾಸಿನಲ್ಲಿ ಪ್ರತಿ ಸೆಪ್ಟೆಂಬರ್‌ನಲ್ಲಿ ಜಾತ್ರೆಯನ್ನೇ ಮಾಡುತ್ತಾರೆ!

ನಾಯಕ ಎಡ್ವರ್ಡ್‌ಗೆ ವಯಸ್ಸೆಷ್ಟು ಗೊತ್ತೇ? ನೋಡಲು 17. ಆದರೆ ಹುಟ್ಟಿದ್ದು 1901ರಲ್ಲಿ! 1918ರ ಇನ್‌ಫ್ಲುಯೆನ್ಜಾ ಪಿಡುಗಿನಲ್ಲಿ ಸಾಯುತ್ತಿದ್ದವನನ್ನು ಪಿಶಾಚಿಯಾಗಿಸಿ ಉಳಿಸಲಾಯಿತು. ಓದುಗರ ಮೊದಲ ತಕರಾರು ಇಲ್ಲೇ. ನೂರು ದಾಟಿದವನು ಇನ್ನೂ ಹೈಸ್ಕೂಲಿನಲ್ಲಿ ಏಕೆ ಕೂತಿದ್ದಾನೆ? 17ರ ಹುಡುಗಿಯನ್ನು ಅವನು ಪ್ರೀತಿಸುವುದು ಸರಿಯೇ?

ಬಿಸಿಲಿಗೆ ಬಂದರೆ ಎಡ್ವರ್ಡ್ ಸಾಯುವುದಿಲ್ಲ, ವಜ್ರದಂತೆ ಹೊಳೆಯುತ್ತಾನೆ. ‘ಪಿಶಾಚಿ ಬಿಸಿಲಿಗೆ ಸಾಯಲೇಬೇಕು, ಇದು ತಪ್ಪು’ ಎಂದು ಅನೇಕರು ಕಿಡಿಕಾರಿದರು. ಆದರೆ ಸ್ವಾರಸ್ಯ ಕೇಳಿ. 1897ರಲ್ಲಿ ಬ್ರಾಂ ಸ್ಟೋಕರ್ ಬರೆದ ‘ಡ್ರಾಕುಲಾ’ದಲ್ಲಿ ಪಿಶಾಚಿ ಹಗಲಿನಲ್ಲೇ ಲಂಡನ್ ಬೀದಿಯಲ್ಲಿ ಓಡಾಡುತ್ತದೆ! ಬಿಸಿಲು ತಾಗಿ ಪಿಶಾಚಿ ಸಾಯುವುದು ಶುರುವಾದದ್ದು 1922ರ ‘ನೊಸ್ಫೆರಾಟು’ ಸಿನಿಮಾದಿಂದ. ಹಳೇ ನಿಯಮ ಎಂದುಕೊಂಡದ್ದು ಸಿನಿಮಾದವರ ಸೃಷ್ಟಿ!

ಎರಡನೇ ಪುಸ್ತಕ ‘ನ್ಯೂ ಮೂನ್’ನಲ್ಲಿ ಎಡ್ವರ್ಡ್ ಬೆಲ್ಲಾಳನ್ನು ಬಿಟ್ಟುಹೋಗುತ್ತಾನೆ. ಮುಂದಿನ ಪುಟ ತಿರುಗಿಸಿದರೆ ಒಂದೇ ಪದ: ಅಕ್ಟೋಬರ್. ಮತ್ತೆ ತಿರುಗಿಸಿ: ನವೆಂಬರ್. ಆಮೇಲೆ ಡಿಸೆಂಬರ್, ಆಮೇಲೆ ಜನವರಿ. ಉಳಿದದ್ದೆಲ್ಲ ಖಾಲಿ ಕಾಗದ! ನೋವನ್ನು ಇಷ್ಟು ಚೆನ್ನಾಗಿ ಹೇಳಲಾದೀತೇ ಎಂದರು ಕೆಲವರು. ಹುಡುಗ ಹೋದರೆ ಹುಡುಗಿಯ ಬದುಕೇ ಖಾಲಿ ಎಂದು ಮಕ್ಕಳಿಗೆ ಕಲಿಸುತ್ತೀರಾ ಎಂದರು ಇನ್ನು ಕೆಲವರು. ನಾಲ್ಕು ಖಾಲಿ ಪುಟಕ್ಕೆ ಎರಡು ಪಕ್ಷ!

ಒಂದೇ ಸರಣಿಯ ಮೇಲೆ ಎರಡು ವಿರುದ್ಧ ದೂರು ಬಂದದ್ದು ಗೊತ್ತೇ? ಮದುವೆಯವರೆಗೂ ಕಾಯಬೇಕೆನ್ನುವ ನಾಯಕ ತೀರಾ ಮಡಿವಂತ ಎಂದು ಒಂದು ಗುಂಪು. ಇದರಲ್ಲಿ ಕಾಮ ಹೆಚ್ಚಾಯಿತು ಎಂದು ಇನ್ನೊಂದು ಗುಂಪು. ಅಮೆರಿಕದ ಗ್ರಂಥಾಲಯಗಳಲ್ಲಿ ಅತಿ ಹೆಚ್ಚು ಆಕ್ಷೇಪಣೆ ಬಂದ ಪುಸ್ತಕಗಳ ಪಟ್ಟಿಯಲ್ಲಿ 2009ರಲ್ಲಿ ‘ಟ್ವಿಲೈಟ್’ಗೆ 5ನೇ ಸ್ಥಾನ!

ಬೆಲ್ಲಾ ಸದಾ ಅಪಾಯಕ್ಕೆ ಸಿಕ್ಕಿಬೀಳುತ್ತಾಳೆ, ಸದಾ ಗಂಡಸೇ ಬಂದು ಕಾಪಾಡಬೇಕು ಎಂಬ ದೂರು ಜೋರಾಗಿತ್ತು. ಹೆಣ್ಣಾದ್ದರಿಂದ ಅಲ್ಲ, ಪಿಶಾಚಿಗಳ ನಡುವೆ ಬರೀ ಮನುಷ್ಯಳಾದ್ದರಿಂದ ಅವಳಿಗೆ ಅಪಾಯ ಎನ್ನುವುದು ಮೇಯರ್ ಸಮಜಾಯಿಷಿ. ಅದನ್ನು ತೋರಿಸಿಕೊಡಲು 2015ರಲ್ಲಿ ಏನು ಮಾಡಿದರು ಊಹಿಸಿ! ಹುಡುಗಿಯನ್ನು ಹುಡುಗನಾಗಿಸಿ, ಹುಡುಗ ಪಿಶಾಚಿಯನ್ನು ಹುಡುಗಿ ಪಿಶಾಚಿಯಾಗಿಸಿ ಇಡೀ ಕಾದಂಬರಿಯನ್ನು ಮತ್ತೆ ಬರೆದರು!

ಕಥೆಯಲ್ಲಿ ತೋಳವಾಗುವ ಯುವಕ ಜೇಕಬ್ ಕ್ವಿಲಿಯೂಟ್ ಬುಡಕಟ್ಟಿನವನು. ಈ ಬುಡಕಟ್ಟೂ ನಿಜವಾಗಿ ಇದೆ. ತಮ್ಮ ಮೂಲಪುರುಷರು ತೋಳದಿಂದ ಬಂದವರು ಎಂಬ ಪುರಾಣವೂ ಅವರಲ್ಲಿದೆ. ಆದರೆ ಮನುಷ್ಯ ತೋಳವಾಗಿ ಪಿಶಾಚಿ ಬೇಟೆಯಾಡುವ ಕಥೆ ಅವರದಲ್ಲ. ಸಿಯಾಟಲ್‌ನ ಬರ್ಕ್ ಮ್ಯೂಸಿಯಂ ಈ ಜನರ ಜತೆ ಸೇರಿ ‘ನಿಜ ಯಾವುದು, ಕಾದಂಬರಿ ಯಾವುದು’ ಎಂದು ತಿಳಿಸಿಕೊಟ್ಟಿತು. ಓದುಗರ ಚರ್ಚೆ ಮ್ಯೂಸಿಯಂ ಮೆಟ್ಟಿಲನ್ನೂ ಹತ್ತಿತು!

ಅಂದಹಾಗೆ, ಸಂಜೆ ನಿಮ್ಮ ತೋಟದ ಮೇಲೆ ಬಾವಲಿ ಹಾರಿದರೆ ಹೆದರಬೇಡಿ. ರಕ್ತ ಕುಡಿಯುವ ಬಾವಲಿ ಇಡೀ ಜಗತ್ತಿನಲ್ಲಿ ಮೂರೇ ಜಾತಿ. ಮೂರೂ ಇರುವುದು ಅಮೆರಿಕ ಖಂಡಗಳಲ್ಲಿ! ಅವೂ ರಕ್ತ ಹೀರುವುದಿಲ್ಲ. ಹಲ್ಲಿನಿಂದ ಚರ್ಮ ಕೊಯ್ದು, ಒಸರಿದ್ದನ್ನು ನಾಲಿಗೆಯಿಂದ ನೆಕ್ಕುತ್ತವೆ. ನಮ್ಮ ದೊಡ್ಡ ಬಾವಲಿಗೆ ಹಣ್ಣಿದ್ದರೆ ಸಾಕು!

ಕ್ರಾಸಿನಿಂದ ಮೂರು ದಾರಿ

ಮೊದಲು ತುರುವೇಕೆರೆ ದಾರಿ ಹಿಡಿಯೋಣ. ಅಲ್ಲಿ 13ನೇ ಶತಮಾನದ ಹೊಯ್ಸಳ ಗುಡಿಗಳಿವೆ. ಅದೇ ಹೊಯ್ಸಳರ ಆಸ್ಥಾನದ ಕವಿ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ರಾಣಿ ಅಮೃತಮತಿ ರಾತ್ರಿ ಒಂದು ಹಾಡು ಕೇಳುತ್ತಾಳೆ. ಹಾಡಿದವನು ಅಷ್ಟಾವಂಕ, ಮೈಯೆಲ್ಲ ಸೊಟ್ಟಗಿರುವ ಮಾವುತ. ಅವನಿಗೇ ಮನಸ್ಸು ಕೊಡುತ್ತಾಳೆ. ತಡವಾಗಿ ಬಂದಳೆಂದು ಅವನು ಹೊಡೆದರೂ ಬಿಡುವುದಿಲ್ಲ! ಇದು ಪ್ರೀತಿಯೇ, ಹುಚ್ಚೇ? ಕವಿ ಹೇಳಹೊರಟದ್ದು ಅಹಿಂಸೆಯನ್ನೇ, ಹೇಳಿಬಿಟ್ಟದ್ದು ಪ್ರೇಮದ ಕಥೆಯನ್ನೇ? 800 ವರ್ಷ ದಾಟಿದ ಕಾವ್ಯದ ಮೇಲೆ ವಿಮರ್ಶಕರ ವಾದ ಇನ್ನೂ ಮುಗಿದಿಲ್ಲ!

‘ಟ್ವಿಲೈಟ್’ನ ಎಡ್ವರ್ಡ್ ಮನೆಯವರು ಮನುಷ್ಯರನ್ನು ಬಿಟ್ಟು ಪ್ರಾಣಿಗಳ ರಕ್ತ ಮಾತ್ರ ಕುಡಿಯುತ್ತಾರೆ. ಅದಕ್ಕೇ ತಮ್ಮನ್ನು ‘ಸಸ್ಯಾಹಾರಿ’ಗಳು ಎಂದು ಕರೆದುಕೊಳ್ಳುತ್ತಾರೆ! ಜನ್ನ ಏನು ಹೇಳುತ್ತಾನೆ ನೋಡಿ. ಅಮೃತಮತಿಯ ಗಂಡ, ರಾಜ ಯಶೋಧರ ಬಲಿ ಕೊಟ್ಟದ್ದು ಬರೀ ಹಿಟ್ಟಿನ ಕೋಳಿ. ಕೊಲ್ಲುವ ಸಂಕಲ್ಪ ಮಾಡಿದ ಆ ಒಂದೇ ತಪ್ಪಿಗೆ ಅವನು ನವಿಲಾಗಿ, ಅವನ ತಾಯಿ ನಾಯಿಯಾಗಿ ಹುಟ್ಟಿ, ಜನ್ಮ ಜನ್ಮ ಅಲೆಯಬೇಕಾಯಿತು!

ಈಗ ಚಿಕ್ಕನಾಯಕನಹಳ್ಳಿ ದಾರಿ. ಆ ತಾಲ್ಲೂಕಿನ ತೀರ್ಥಪುರ ಯಾರ ಊರು ಗೊತ್ತೇ? ತೀ.ನಂ. ಶ್ರೀಕಂಠಯ್ಯನವರದು! ಕಾವ್ಯ ಏಕೆ ಹಿಡಿಸುತ್ತದೆ, ಎಲ್ಲಿ ಸೋಲುತ್ತದೆ, ಓದುಗನ ಮನಸ್ಸಿನಲ್ಲಿ ಏನಾಗುತ್ತದೆ? ಇದನ್ನೆಲ್ಲ ಕನ್ನಡದಲ್ಲಿ ತಿಳಿಯಾಗಿ ಬಿಡಿಸಿಟ್ಟ ‘ಭಾರತೀಯ ಕಾವ್ಯಮೀಮಾಂಸೆ’ ಅವರದೇ. ಅಚ್ಚಾದದ್ದು 1953ರಲ್ಲಿ. ಈ ದಿನಕ್ಕೂ ಕನ್ನಡ ಎಂ.ಎ. ಓದುವವರ ಕೈಯಲ್ಲಿ ಅದೇ ಪುಸ್ತಕ!

ಓದುಗರಲ್ಲಿ ನಾಲ್ಕು ಜಾತಿ ಎಂದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆಯೇ ಸಂಸ್ಕೃತದ ರಾಜಶೇಖರ ಲೆಕ್ಕ ಹಾಕಿದ್ದ! ಯಾವುದೂ ರುಚಿಸದವನು ಒಬ್ಬ. ಸಿಕ್ಕಿದ್ದನ್ನೆಲ್ಲ ಹುಲ್ಲೂ ಸೇರಿಸಿ ನುಂಗುವವನು ಇನ್ನೊಬ್ಬ. ಹೊಟ್ಟೆಕಿಚ್ಚಿನವನು ಮತ್ತೊಬ್ಬ. ನಾಲ್ಕನೆಯವನು ತಿರುಳು ಹುಡುಕುವವನು, ಅವನು ಸಿಗುವುದು ಅಪರೂಪ. ನೀವು ಯಾವ ಸಾಲಿನವರು, ಹೇಳಿ ನೋಡೋಣ!

ಮೂರನೆಯದು ತಿಪಟೂರು ದಾರಿ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ನಡೆಯುವುದು ಎಲ್ಲಿ ಬಲ್ಲಿರಾ? ಇದೇ ತಿಪಟೂರು, ಪಕ್ಕದ ಚನ್ನರಾಯಪಟ್ಟಣ ಸೀಮೆಯಲ್ಲಿ! ಸಾಲು ಸಾಲು ಕಷ್ಟ ಗೆದ್ದ ನಾಯಕಿ ನಂಜಮ್ಮ ಕೊನೆಗೆ ಪ್ಲೇಗಿಗೆ ಬಲಿಯಾಗುತ್ತಾಳೆ. ಓದುತ್ತಿದ್ದರೆ ‘ಅವಳು ಸಾಯಬಾರದಿತ್ತು’ ಎಂದು ಮನಸ್ಸು ಲೇಖಕರ ಜತೆ ಜಗಳ ತೆಗೆಯುತ್ತದೆ. ಆದರೆ ಭೈರಪ್ಪನವರ ಮನೆಗೂ ಪ್ಲೇಗು ನುಗ್ಗಿತ್ತು. ಬಾಲ್ಯದಲ್ಲೇ ಒಡಹುಟ್ಟಿದವರನ್ನು ಕಳೆದುಕೊಂಡವರು ಅವರು!

ಕನ್ನಡದ ಭರ್ಜರಿ ತಕರಾರುಗಳು

‘ಡ್ರಾಕುಲಾ’ ಬಂದ ಎರಡೇ ವರ್ಷಕ್ಕೆ, 1899ರಲ್ಲಿ, ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅದು. ಎಳೆಯ ವಿಧವೆ ಓದಿ, ಮರುಮದುವೆಯಾಗಿ ಗೆಲ್ಲುವ ಕಥೆ. ಸಂದೇಶ ಏನು ಎಂದು ಓದುಗರು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಹೆಸರಲ್ಲೇ ಬರೆದಿತ್ತು: ‘ಇಂದಿರಾಬಾಯಿ ಅಥವಾ ಸದ್ಧರ್ಮ ವಿಜಯ’!

1965ಕ್ಕೆ ಬನ್ನಿ. ಭೈರಪ್ಪನವರ ‘ವಂಶವೃಕ್ಷ’ದಲ್ಲೂ ಎಳೆಯ ವಿಧವೆ ಕಾತ್ಯಾಯನಿ ಮರುಮದುವೆಯಾಗುತ್ತಾಳೆ. ಆದರೆ ಗರ್ಭ ನಿಲ್ಲುವುದಿಲ್ಲ, ಕೊರಗು ಬಿಡುವುದಿಲ್ಲ, ಸಾವು ತಪ್ಪುವುದಿಲ್ಲ. ಲೇಖಕರು ಅವಳಿಗೆ ಶಿಕ್ಷೆ ಕೊಟ್ಟರೇ ಎಂದು ಕೇಳಿದವರು ಬಹಳ. ಹಾಗಾದರೆ ಅವಳ ಮಾವ, ಸಂಪ್ರದಾಯದ ಪ್ರತಿಮೂರ್ತಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟೇ ತಿಳಿದು ನೆಲ ಕುಸಿಯುವುದೇಕೆ ಎಂಬುದು ಎದುರು ಪಕ್ಷದ ಸವಾಲು. ಎರಡು ಕಾದಂಬರಿ, ಒಂದೇ ಪ್ರಶ್ನೆ, ತದ್ವಿರುದ್ಧ ಉತ್ತರ!

ಅ.ನ.ಕೃ. ಅವರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ವೇಶ್ಯೆಯರ ಬದುಕನ್ನು ತೆರೆದಿಟ್ಟಾಗ ಅಶ್ಲೀಲ ಎಂದು ಗದ್ದಲವೋ ಗದ್ದಲ. ಅವರು ಬಾಯಿಮಾತಿನ ಉತ್ತರಕ್ಕೆ ನಿಲ್ಲಿಸಲಿಲ್ಲ. ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದುಬಿಟ್ಟರು! ದೂರಿಗೆ ಪುಸ್ತಕದಿಂದಲೇ ಉತ್ತರ ಕೊಡುವುದರಲ್ಲಿ ನಮ್ಮವರು ಮೇಯರ್‌ಗಿಂತ ಎಷ್ಟು ಮುಂದೆ ನೋಡಿ!

ಒಮ್ಮೊಮ್ಮೆ ತಕರಾರು ತೆಗೆಯುವವರು ಲೇಖಕರೇ! ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಸಿನಿಮಾ ಮಾಡಿದರು. ಜನ ಮುಗಿಬಿದ್ದರು, ವಿಷ್ಣುವರ್ಧನ್ ತಾರೆಯಾದರು. ತ.ರಾ.ಸು. ಮಾತ್ರ ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಮುನಿಸಿಕೊಂಡರು. ಈ ಮಾತು ಇವತ್ತಿಗೂ ಸಿನಿಮಾ ಮಂದಿಯ ಬಾಯಲ್ಲಿದೆ!

ಸತ್ತವನ ಜತೆ ಪ್ರೇಮ ಹೊಸದೆಂದುಕೊಂಡಿರಾ? ಬಾಣಭಟ್ಟನ ‘ಕಾದಂಬರಿ’ಯನ್ನು ನಾಗವರ್ಮ ಸುಮಾರು ಸಾವಿರ ವರ್ಷದ ಹಿಂದೆಯೇ ಕನ್ನಡಕ್ಕೆ ತಂದ. ಅಲ್ಲಿ ನಾಯಕ ಚಂದ್ರಾಪೀಡ ಸಾಯುತ್ತಾನೆ. ದೇಹ ಮಾತ್ರ ಕೆಡುವುದಿಲ್ಲ! ನಾಯಕಿ ಕಾದಂಬರಿ ಅದನ್ನು ಕಾಯುತ್ತಾ ಕೂರುತ್ತಾಳೆ, ಕೊನೆಗೆ ಅವನು ಎದ್ದೇ ಬರುತ್ತಾನೆ!

ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ನಾಯಕ ಪಿಶಾಚಿಯಲ್ಲ, ನಾಗರಹಾವು! ಗಂಡನನ್ನು ಒಲಿಸಿಕೊಳ್ಳಲು ರಾಣಿ ಎಂಬ ಹೆಣ್ಣು ಬೇರು ಅರೆದು ಸಾರಿಗೆ ಹಾಕುತ್ತಾಳೆ. ಸಾರು ರಕ್ತದಂತೆ ಕೆಂಪಾಗುತ್ತದೆ. ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಅದನ್ನು ಕುಡಿದ ನಾಗ ಅವಳಿಗೆ ಸೋತು, ಗಂಡನ ರೂಪದಲ್ಲಿ ರಾತ್ರಿ ರಾತ್ರಿ ಬರುತ್ತಾನೆ. ಅವಳಿಗೆ ನಿಜ ತಿಳಿಯಲೇ ಇಲ್ಲವೇ? ತಿಳಿಯದೆ ಒಪ್ಪಿದ್ದು ಒಪ್ಪಿಗೆಯೇ? ಎಡ್ವರ್ಡ್ ಕಿಟಕಿಯಿಂದ ಒಳನುಗ್ಗಿ ಮಲಗಿದ ಬೆಲ್ಲಾಳನ್ನು ನೋಡುತ್ತಾ ಕೂರುವುದಕ್ಕೂ ಓದುಗರು ಎತ್ತಿದ್ದು ಇದೇ ಆಕ್ಷೇಪ!

ಇನ್ನೂ ಸೋಜಿಗ ಕೇಳಿ. ಆ ನಾಟಕದಲ್ಲಿ ಊರ ದೀಪಗಳನ್ನೆಲ್ಲ ಆರಿಸಿದ ಮೇಲೆ ಜ್ಯೋತಿಗಳು ಪಾಳುಗುಡಿಯಲ್ಲಿ ಸೇರಿ ಹರಟುತ್ತವೆ. ಕಥೆ ಮುಗಿದಾಗ ‘ಈ ಮುಕ್ತಾಯ ಸರಿಹೋಗಲಿಲ್ಲ’ ಎಂಬ ತಕರಾರು ರಂಗದ ಮೇಲೇ ಏಳುತ್ತದೆ. ಆಗ ಇನ್ನೊಂದು ಮುಕ್ತಾಯ! ಒಂದರಲ್ಲಿ ನಾಗ ಸಾಯುತ್ತಾನೆ, ಇನ್ನೊಂದರಲ್ಲಿ ರಾಣಿಯ ಜಡೆಯಲ್ಲೇ ಉಳಿಯುತ್ತಾನೆ. ಕೇಳುಗರ ತಕರಾರಿಗೆ ನಾಟಕದೊಳಗೇ ಜಾಗ!

ಯುರೋಪಿನ ನಂಬಿಕೆಯಲ್ಲಿ ಪಿಶಾಚಿ ಒಳಗೆ ಬರಲು ಮನೆಯವರು ‘ಬಾ’ ಎನ್ನಬೇಕು. ನಮ್ಮಲ್ಲಿ 1990ರ ದಶಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರೆ ಸಾಕಾಗಿತ್ತು. ದೆವ್ವ ಓದಿಕೊಂಡು ವಾಪಸು ಹೋಗುತ್ತದೆ ಎಂಬ ನಂಬಿಕೆ! ಅದೇ ನಂಬಿಕೆಯ ಎಳೆ ಹಿಡಿದು 2018ರಲ್ಲಿ ಹಿಂದಿಯ ‘ಸ್ತ್ರೀ’ ಸಿನಿಮಾ ಬಂತು.

ಎಲ್ಲಕ್ಕೂ ಹಿರಿಯ ಬೇತಾಳ

ಕೊನೆಗೆ, ಎಲ್ಲಕ್ಕಿಂತ ದೊಡ್ಡ ಅಚ್ಚರಿ. ‘ಚಂದಮಾಮ’ ಓದಿದವರಿಗೆ ಹೆಗಲ ಮೇಲೆ ಹೆಣ ಹೊತ್ತು ನಡೆಯುವ ರಾಜನ ಚಿತ್ರ ಮರೆಯದು. ಅದನ್ನು ಬರೆದ ಕಲಾವಿದರು ಶಂಕರ್. ಆ ಹೆಣದೊಳಗಿನ ಬೇತಾಳವನ್ನು ರಿಚರ್ಡ್ ಬರ್ಟನ್ ಇಂಗ್ಲಿಷಿಗೆ ಒಯ್ದದ್ದು 1870ರಲ್ಲಿ. ಇಟ್ಟ ಹೆಸರು ‘ವಿಕ್ರಂ ಅಂಡ್ ದಿ ವ್ಯಾಂಪೈರ್’! ‘ಡ್ರಾಕುಲಾ’ ಬರಲು ಇನ್ನೂ 27 ವರ್ಷ ಇತ್ತು!

ಬೇತಾಳದ ಒಂದು ಕಥೆಯಲ್ಲಿ ಇಬ್ಬರು ಗಂಡಸರ ತಲೆಗಳು ಅದಲುಬದಲಾಗುತ್ತವೆ. ಅವರಲ್ಲೊಬ್ಬನ ಹೆಂಡತಿಗೆ ಈಗ ಗಂಡ ಯಾರು, ತಲೆಯವನೋ ದೇಹದವನೋ? ತಲೆಯವನೇ ಎಂದ ರಾಜ. ಆ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ! ಜರ್ಮನಿಯ ಥಾಮಸ್ ಮನ್ 1940ರಲ್ಲಿ ಇದನ್ನೇ ಕಿರುಕಾದಂಬರಿ ಮಾಡಿ ಪ್ರಶ್ನೆ ಕೆದಕಿದ. ಅಲ್ಲಿಂದ ಕಾರ್ನಾಡರು ‘ಹಯವದನ’ಕ್ಕೆ ತಂದು ಇನ್ನಷ್ಟು ಕೆದಕಿದರು. ಒಂದು ತಕರಾರು, ಬೇತಾಳ ಕಥೆಗಳನ್ನು ಸಂಸ್ಕೃತದಲ್ಲಿ ಬರೆದ ಕಾಶ್ಮೀರದ ಸೋಮದೇವನಿಂದ ಜರ್ಮನ್ ಭಾಷೆಗೆ ಹೋಗಿ, ಕರ್ನಾಟಕಕ್ಕೆ ಮರಳಿ ಬಂತು. ಓದುಗ ಸುಮ್ಮನೆ ತಲೆದೂಗಿದ್ದರೆ ಇದೆಲ್ಲ ಹುಟ್ಟುತ್ತಿತ್ತೇ?

ಬೇತಾಳ ಇಟ್ಟ ಷರತ್ತು ನೆನಪಿದೆಯೇ? ಕಥೆ ಕೇಳಿದ ಮೇಲೆ ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ತಲೆ ಸಿಡಿದು ಹೋಳಾಗುತ್ತದೆ! ಆದ್ದರಿಂದ ಓದಿದ ಕಥೆಯಲ್ಲಿ ಏನಾದರೂ ಚುಚ್ಚಿದರೆ ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಅಕ್ಕನ ಹತ್ತಿರ ಹೇಳಿ, ಗೆಳೆಯರ ಹತ್ತಿರ ವಾದಿಸಿ, ಊರ ಲೈಬ್ರರಿಯಲ್ಲಿ ಕೇಳಿ. ಕಥೆಗೂ ಒಳ್ಳೆಯದು, ನಿಮ್ಮ ತಲೆಗೂ ಒಳ್ಳೆಯದು!