ಸೊಂಟದ ಕಶೇರುಕಗಳ ಬೆಸುಗೆ ಮತ್ತು ಅಸ್ಥಿವರ್ಧಕ ಪ್ರೋಟೀನು: ಒಂದು ಚಾರಿತ್ರಿಕ ಟಿಪ್ಪಣಿ

ಕೆಂಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ಬದುಕು ಸಾಗುವುದು ಬೆನ್ನಿನ ಬಲದಿಂದ. ಆದುದರಿಂದ ಈ ಚಿಕಿತ್ಸೆಯ ಚರಿತ್ರೆ ನಮಗೆ ಪರಕೀಯವಲ್ಲ. ಸಡಿಲಗೊಂಡ ಕಶೇರುಕಗಳನ್ನು ಬೆಸೆಯಲು ವೈದ್ಯರು ರೋಗಿಯ ಟೊಂಕದ ಮೂಳೆಯನ್ನೇ ತೆಗೆದು ಕಸಿ ಮಾಡುತ್ತ ಬಂದಿದ್ದಾರೆ. ತೆಗೆದ ಎಡೆಯ ನೋವು ಕೆಲವರಲ್ಲಿ ಬಹುಕಾಲ ಉಳಿಯುತ್ತದೆ. ಖನಿಜಾಂಶ ಕಳೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನಲ್ಲಿರಿಸಿದರೆ ಅಲ್ಲಿಯೂ ಹೊಸ ಮೂಳೆ ಹುಟ್ಟುವುದೆಂದು 1965ರಲ್ಲಿ ಅಮೆರಿಕೆಯ ಮಾರ್ಷಲ್ ಯೂರಿಸ್ಟ್ ತೋರಿಸಿದರು. ಇದಕ್ಕೆ ಕಾರಣವಾದ ಪ್ರೋಟೀನುಗಳಲ್ಲೊಂದನ್ನು ಸೊಂಟದ ಬೆಸುಗೆಗೆ ಬಳಸಲು ಆ ದೇಶವು 2002ರಲ್ಲಿ ಅನುಮತಿಯಿತ್ತಿತು. ಆದರೆ 2013ರಲ್ಲಿ ಪ್ರಕಟವಾದ ಎರಡು ಸ್ವತಂತ್ರ ಪರಿಶೀಲನೆಗಳು, ಸ್ವಂತ ಮೂಳೆಯ ಕಸಿಗಿಂತ ಇದು ರೋಗಿಗೆ ಸ್ಪಷ್ಟವಾಗಿ ಹೆಚ್ಚು ಹಿತಕರವೆಂಬುದನ್ನು ಕಾಣಲಿಲ್ಲ. ಬೇಡದೆಡೆ ಮೂಳೆ ಬೆಳೆಯುವ ಅಪಾಯವೂ ಉಂಟು. ಮೂಳೆ ಬೆಸೆದುದೆಲ್ಲವೂ ನೋವು ನೀಗಿದುದಲ್ಲವೆಂಬುದೇ ಈ ಚರಿತ್ರೆಯಿಂದ ನಾವು ತಿಳಿಯಬೇಕಾದ ಅಂಶ.